ಬಿಸಿಲು ಬಿಟ್ಟು ಬಂದ ಮ್ಯಾಲ

ನಾನು ರಾಯಚೂರು ಬಿಟ್ಟು ಮೈಸೂರಿಗೆ ಬಂದು ಈ ದೀಪಾವಳಿಗೆ ಎರಡು ವರ್ಷ ಆಗ್ತದ. ಈ ಎರಡು ವರ್ಷದಾಗ ಫೋನ್ ಮಾಡಿದವರು, ಮದವಿ ಮುಂಜಿವ್ಯಾಗ ಸಿಕ್ಕವರು, ಎಲ್ಲಾರೂ ಕೇಳೂದು ಎರಡೇ ಮಾತು. ಒಂದು, ‘ಅಲ್ಲೆ ಥಂಡಿ ಭಾಳ ಅದ ಏನು?’ ಇನ್ನೊಂದು, ‘ಒಬ್ಬಾಕಿನೇ ಹ್ಯಾಂಗ ಇರ್ತಿ?’ ಮದಲನೇದಕ್ಕ ಉತ್ತರ ಸಲೀಸು. ಎರಡನೇದು ಫೋನಿನ್ಯಾಗ ಹೇಳಿ ಮುಗಿಯೂ ಮಾತಲ್ಲ, ಅದಕ್ಕ ಬರೀಲಿಕತ್ತೀನಿ. ಓದಿದವರು ನಮ್ಮ ಅಕ್ಕನ ಮುಂದ ಹೋಗಿ ‘ನಿಮ್ಮ ಬಗ್ಗೆ ಬರದಾಳ ನೋಡ್ರಿ’ ಅಂತ ಹೇಳಬ್ಯಾಡ್ರಿ. ಆಕಿಗೆ ನಾನೇ ಫೋನ್ ಮಾಡಿ ಓದಿ ಹೇಳ್ತೀನಿ. ಅಕ್ಕ ಅಂದ್ರ ಒಡಹುಟ್ಟಿದಾಕಿ ಅಲ್ಲ, ನಮ್ಮ ಭಾವನವರ ಹೆಂಡತಿ, ನನ್ನ ನೆಗೆಣ್ಣಿ. ಮೂವತ್ತೈದು ವರ್ಷ ಒಂದೇ ಗ್ವಾಡಿ ಆಕಡೆ ಆಕಿ, ಈಕಡೆ ನಾನು.

ರಾಯಚೂರಿನ ಬಿಸಿಲು ನಿಮಗ ಹೊಸದಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ಎರಡು ಹೊಳಿ ನಡುವ ಇದ್ದೂ ಹೋಳಿ ಹುಣ್ಣಿಮಿ ಮುಗೀತಂದ್ರ ನಾವು ಬೇಯೋರೇ. ಮೇ ತಿಂಗಳ 42, 43 ಅಂದ್ರ ನಮಗ ಸುದ್ದಿನೇ ಅಲ್ಲ. ನಾ ಮದವ್ಯಾಗಿ ಬಂದಾಗ ಹಳೇ ಮನಿ, ಮಣ್ಣಿನ ಮಾಳಗಿ, ದಪ್ಪ ದಪ್ಪ ಗ್ವಾಡಿ. ಮಧ್ಯಾಹ್ನ ಬಾಗಲಾ ಮುಚ್ಚಿ, ನೆಲಕ್ಕ ನೀರು ಹೊಡದು ಅಡ್ಡಾದ್ರ ನಾಲ್ಕು ಗಂಟೆ ತನಕ ಎಚ್ಚರ ಆಗ್ತಿದ್ದಿಲ್ಲ. ಆಮ್ಯಾಲ ಓಣ್ಯಾಗ ಎಲ್ಲಾರೂ ಸ್ಲ್ಯಾಬ್ ಹಾಕಿಸಿದ್ರು, ನಮ್ಮ ಮನ್ಯಾಗೂ ಗಂಡಸರು ಹಾಕಿಸಿದ್ರು. ಆ ಸ್ಲ್ಯಾಬ್ ಹಗಲೆಲ್ಲಾ ಬಿಸಿಲು ಕುಡೀತದ, ರಾತ್ರಿಯೆಲ್ಲಾ ಕಕ್ತದ. ಹನ್ನೆರಡು ಗಂಟೆ ರಾತ್ರಿ ಗ್ವಾಡಿಗೆ ಕೈ ಇಟ್ರ ಈಗ ಇಳಿಸಿದ ಹಂಚಿನಂಗ ಇರ್ತದ. ಹಗಲಿನ ಬಿಸಿಲಿಗೆ ನಾವು ಉಪಾಯ ಕಲ್ತೀವಿ, ರಾತ್ರಿ ಕಾವಿಗೆ ಉಪಾಯ ಇಲ್ಲ. ಮೈ ತಣ್ಣಗಾಗಿ ಸುಧಾರಿಸಿಕೊಳ್ಳೂದು ಆ ಹೊತ್ತಿನ್ಯಾಗ. ಅದೇ ಇಲ್ಲ ಅಂದ್ರ ಮರುದಿನದ ಬಿಸಿಲನ್ನ ನಿನ್ನಿನ ದಣಿವಿನ ಮ್ಯಾಲ ಹೊರಬೇಕು. ವಯಸ್ಸಾದವರಿಗೆ ಅದು ಆಗಂಗಿಲ್ಲ.

ನಮ್ಮ ಮನಿಯವರು ಹೋದದ್ದು 2019ರ ಮೇ ತಿಂಗಳ. ಒಂದು ಮದವಿ ಊಟ ಮುಗಿಸಿ, ಎರಡು ಗಂಟೆ ಬಿಸಿಲಾಗ ಬಂದು ಕುರ್ಚಿ ಮ್ಯಾಲ ಕುಂತವರು ಏಳಲಿಲ್ಲ. ಹೃದಯಾಘಾತ ಅಂತ ಬರದು ಕೊಟ್ರು. ಅದಕ್ಕ ನಾ ಬ್ಯಾರೆ ಹೆಸರು ಹಚ್ಚಲಿಕ್ಕೆ ಹೋಗಂಗಿಲ್ಲ. ಆದ್ರ ಆ ಕುರ್ಚಿಯ ಕಬ್ಬಿಣದ ಹಿಡಿಕಿ ಕೈಗೆ ಚುರ್ ಅಂದದ್ದು ಇವತ್ತಿಗೂ ನೆನಪದ.

ನಾಲ್ಕು ವರ್ಷಕ್ಕ, 2023ರ ಮೇದಾಗ, ನನ್ನ ಪಾಳಿ ಬಂತು. ರಾತ್ರಿ ಕರೆಂಟ್ ಹೋತು, ಕೂಲರ್ ನಿಂತು. ಮಾಳಗಿಗೆ ನೀರು ಹೊಡದರ ಸ್ವಲ್ಪ ತಂಪಾದೀತು ಅಂತ ಬಕೀಟ ಹಿಡಕೊಂಡು ಮೆಟ್ಟಲ ಹತ್ತಿದೆ. ಮೂರನೇ ಮೆಟ್ಟಲಿಗೆ ಕಣ್ಣು ಕತ್ತಲಾದ್ವು. ಬಕೀಟ ಉರುಳಿದ ಸಪ್ಪಳಕ್ಕ ಅಕ್ಕ ಓಡಿ ಬಂದ್ಲು. ದವಾಖಾನ್ಯಾಗ ಎರಡು ಬಾಟಲಿ ಸಲಾಯಿನ್ ಏರಿಸಿದ್ರು. ಅಲ್ಲಿ ಡಾಕ್ಟರಮ್ಮ ನನ್ನ ಬಿಪಿ ಗುಳಿಗಿ ನೋಡಿ ಹೇಳಿದ್ದನ್ನ ನಿಮಗೂ ಹೇಳ್ತೀನಿ, ಯಾಕಂದ್ರ ನಮ್ಮೊಳಗ ಭಾಳ ಮಂದಿ ಅದೇ ಗುಳಿಗಿ ತಗೋತೀರಿ. ಬಿಪಿ ಗುಳಿಗ್ಯಾಗ ಕೆಲವು ಮೂತ್ರ ಹೆಚ್ಚು ಮಾಡಿ ಮೈಯಾಗಿನ ನೀರು, ಉಪ್ಪು ಹೊರಗ ಹಾಕ್ತಾವ. ಬ್ಯಾಸಗ್ಯಾಗ ಬೆವರು ಬ್ಯಾರೆ. ಎರಡೂ ಕೂಡಿದ್ರ ಮೈ ಒಣಗ್ತದ, ನಿಂತಲ್ಲೇ ಬಿಪಿ ಇಳೀತದ. ಹಂಗಂತ ನೀವೇ ಗುಳಿಗಿ ಬಿಡಬ್ಯಾಡ್ರಿ ಮತ್ತ! ಬ್ಯಾಸಗಿ ಹತ್ತೂ ಮುಂಚೆ ಡಾಕ್ಟರಿಗೆ ತೋರಿಸಿ, ಎಷ್ಟು ತಗೋಬೇಕು ಅಂತ ಕೇಳ್ರಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ತುಂಬಿ ಶಿಖರ ಮಾಡಬಾರದು, ಮಟ್ಟಸ ಇರಬೇಕು. ವಾಂತಿ ಭೇದಿ ಆದಾಗ, ಬಿಸಿಲಿಗೆ ಬಳಲಿದಾಗ ಗುಟುಕು ಗುಟುಕು ಕುಡೀರಿ. ಸಕ್ಕರಿ ಕಾಯಿಲೆ ಇದ್ದವರು ಮದಲ ಡಾಕ್ಟರನ್ನ ಕೇಳ್ರಿ.

ಮಗ ಹೈದರಾಬಾದಿಗೆ ಬಾ ಅಂದ. ಹೈದರಾಬಾದೇನು ಊಟಿಯೇ? ಎಂಟನೇ ಮಹಡಿ ಮ್ಯಾಲ, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋದ ಮ್ಯಾಲ, ಎಸಿ ಹಾಕ್ಕೊಂಡು ಗ್ವಾಡಿ ನೋಡ್ಕೋತ ಕುಂದ್ರೂದು ನನ್ನಿಂದ ಆಗಂಗಿಲ್ಲ ಅಂತ ನೇರ ಹೇಳಿದೆ. ಸೊಸಿ ಒಳ್ಳೇಕಿ, ಅದರ ಬಗ್ಗೆ ಮಾತಿಲ್ಲ. ಮೈಸೂರು ತಲ್ಯಾಗ ಬಂದದ್ದು ಯಾಕಂದ್ರ, ಮಾಸ್ತರಿಕಿ ಮಾಡೂವಾಗ ಒಂದು ಸಲ ಮೇ ತಿಂಗಳ ಮೂರು ವಾರ ಟ್ರೇನಿಂಗಿಗೆ ಮಾನಸಗಂಗೋತ್ರಿ ಹತ್ತಿರ ಉಳದಿದ್ದೆ. ಮೇ ತಿಂಗಳದಾಗ ರಾತ್ರಿ ಚಾದರ ಹೊದ್ದುಕೊಂಡಿದ್ದೆ. ಊರಿಗೆ ಬಂದು ಹೇಳಿದ್ರ ಯಾರೂ ನಂಬಲಿಲ್ಲ. ಆ ಚಾದರ ನನ್ನ ತಲ್ಯಾಗ ಉಳಕೊಂಡಿತ್ತು.

ಅಕ್ಕಗ ಹೇಳಿದಾಗ ಆಕಿ ಅಕ್ಕಿ ಆರಸ್ತಿದ್ಲು. ತಲಿ ಎತ್ತಲಿಲ್ಲ. ‘ನಾವೇನು ಬಿಸಿಲಾಗ ಹುಟ್ಟಿದವರಲ್ಲೇನು?’ ಅಂದ್ಲು. ಸ್ವಲ್ಪ ಹೊತ್ತಿಗೆ, ‘ಮನಿ ದೇವರ ಮುಂದ ದೀಪಾ ಹಚ್ಚೋರ್ಯಾರು?’ ಅಂದ್ಲು. ಮಂದಿ ಏನಂತಾರ ಅನ್ನೂದು ಆಕಿಗೆ ಚಿಂತಿ ಅಲ್ಲ. ಭಾವನವರಿಗೆ ಎರಡು ಕಣ್ಣೂ ಮಂಜು, ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ. ಅವರನ್ನ ಬಿಟ್ಟು ಆಕಿ ಹೋಗಂಗಿಲ್ಲ. ನಾ ಹೋದ್ರ ಮುಂದಿನ ಮೇ ತಿಂಗಳ ರಾತ್ರಿ ಆ ಮೆಟ್ಟಲ ಮ್ಯಾಲ ಬೀಳೂ ಪಾಳಿ ಆಕೀದು. ಬಕೀಟ ಉರುಳಿದ ಸಪ್ಪಳ ಕೇಳಲಿಕ್ಕೆ ಈಕಡೆ ಯಾರೂ ಇರಂಗಿಲ್ಲ. ಆಕಿ ಇದನ್ನ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಎತ್ತಲಿಲ್ಲ. ಅಕ್ಕಿ ಆರಸೂದು ಮುಗದ ಮ್ಯಾಲ ಮರ ಝಾಡಿಸಿ ಒಳಗ ಹೋದ್ಲು.

ಒಬ್ಬಾಕಿ ಹೆಂಗಸಿಗೆ ಮನಿ ಹುಡುಕೂದು ಮೈಸೂರಾಗೂ ಸಲೀಸಲ್ಲ. ‘ಒಬ್ರೇನಾ ಇರೋದು? ಮಕ್ಕಳು ಬರಲ್ವಾ? ಯಜಮಾನ್ರು?’ ಅಂತ ಮದಲ ವಿಚಾರಣಿ. ಹತ್ತು ತಿಂಗಳ ಬಾಡಗಿ ಮುಂಗಡ ಕೇಳಿದವರಿದ್ರು. ಒಬ್ಬರು ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮಗೆ ತೊಂದ್ರೆ ನೋಡಿ’ ಅಂತ ಮುಖದ ಮ್ಯಾಲೇ ಅಂದ್ರು. ಸಾಯೂ ಮಾತು ಅದು! ನಾನು, ‘ಹೆಚ್ಚುಕಮ್ಮಿ ಆಗಬಾರದು ಅಂತಾನೇ ಈ ಊರಿಗೆ ಬಂದೀನ್ರಿ’ ಅಂದು ಎದ್ದೆ. ಕಡೀಕ ಸಿಕ್ಕದ್ದು ಎರಡು ಖೋಲಿ, ಮ್ಯಾಲಿನ ಮನಿ. ಕೆಳಗ ಮಾಲಕರ ತಾಯಿ, ಎಪ್ಪತ್ತು ದಾಟಿದಾಕಿ, ಆಕಿನೂ ಹಗಲೆಲ್ಲಾ ಒಬ್ಬಾಕಿನೇ. ಆಕಿಗೆ ಮಾತಿಗೆ ಮನುಷ್ಯಾಳು ಬೇಕಾಗಿತ್ತು, ಅದಕ್ಕ ಮನಿ ಸಿಕ್ತು.

ಸಾಮಾನು ಭಾಳ ತರಲಿಲ್ಲ. ಗ್ಯಾಸಿಂದು ಊರಾಗೇ ಸಿಲಿಂಡರ್, ರೆಗ್ಯುಲೇಟರ್ ತಿರುಗಿ ಕೊಟ್ಟು ಟ್ರಾನ್ಸ್‌ಫರ್ ವೋಚರ್ ತಗೊಂಡು ಬಂದೆ, ಇಲ್ಲೆ ಅದನ್ನ ತೋರಿಸಿದ್ರ ಹೊಸದು ಕೊಟ್ರು. ಕೂಲರ್ ತರ್ತೀನಿ ಅಂದವನಿಗೆ ಮಗ ಬ್ಯಾಡ ಅಂದ, ಅದು ಖರೇ. ಕೂಲರ್ ಅನ್ನೂದು ಒಣ ಗಾಳಿ ಊರಿನ ಯಂತ್ರ. ಒಣ ಗಾಳಿಗೆ ನೀರು ಆರ್ತದ, ಆರೂವಾಗ ಕಾವು ಎಳಕೋತದ. ಗಾಳ್ಯಾಗ ಮದಲೇ ಹಸಿ ಇದ್ರ ಅದು ಬರೇ ಫ್ಯಾನು. ಒಂದು ಹಂಚು, ರೊಟ್ಟಿ ಬಡಿಯೂ ಕೊಣಮಿಗಿ, ಖಾರದ ಡಬ್ಬಿ, ಮನಿಯವರ ಫೋಟೋ, ಅತ್ತಿಯವರ ತತ್ರಾಣಿ ಇಷ್ಟು ತಂದೆ. ದೇವರನ್ನ ತರಲಿಲ್ಲ. ದೇವರು ಅಲ್ಲೇ ಇರಲಿ, ಬೀಗದ ಕೈ ಅಕ್ಕನ ಹತ್ತಿರ.

ಇಲ್ಲಿ ಹವಾ ಯಾಕ ಹಿಂಗ ಅಂತ ಮಾಸ್ತರಿಕಿ ಬುದ್ಧಿ ಸುಮ್ಮನಿರಲಿಲ್ಲ, ಲೆಕ್ಕ ಹಾಕಿದೆ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಮೈಸೂರು ಸುಮಾರು 770. ಸಾವಿರ ಮೀಟರ್ ಏರಿದ್ರ ಆರೂ-ಆರೂವರಿ ಡಿಗ್ರಿ ಇಳೀತದ ಅಂತ ನಾವೇ ಮಕ್ಕಳಿಗೆ ಕಲಿಸಿದ್ದಲ್ಲ. ಆ ಲೆಕ್ಕದಾಗ ಎತ್ತರದ್ದು ಎರಡು, ಎರಡೂವರಿ ಡಿಗ್ರಿ ಅಷ್ಟೇ. ಉಳದದ್ದು ಮಳಿದು. ನಮ್ಮಲ್ಲಿ ಮೃಗಶಿರಾ ತನಕ ಆಕಾಶ ನೋಡಬೇಕು, ಇಲ್ಲೆ ಏಪ್ರಿಲ್‌ನಾಗೇ ಮಧ್ಯಾಹ್ನ ಮೋಡ ಕಟ್ಟಿ, ಸಂಜಿಗೆ ಗುಡುಗಿ, ಒಂದು ತಾಸು ಹೊಡದು ಹೋಗ್ತದ. ಮಾವಿನ ಮಳಿ ಅಂತಾರ. ನೆಲ ಕಾದು ಕೆಂಡ ಆಗೂ ಮುಂಚೆ ಆರಿಸಿಬಿಡ್ತದ. ಜೂನ್ ಹತ್ತಿದ್ರ ಪಶ್ಚಿಮದ ಗಾಳಿ, ಮೋಡ. ಬಿಸಿಲು ಬಂದ್ರ ಮಂದಿ ಖುಷಿ ಪಡ್ತಾರ. ಅದನ್ನ ನೋಡಿ ನನಗ ನಗಿ.

ನಾ ಬಂದ ಮದಲನೇ ಬ್ಯಾಸಗಿ 2024ರದು. ಆ ಸಲ ಇಲ್ಲಿಯವರಿಗೆ ಭಾರೀ ತ್ರಾಸಾತು, ಏಪ್ರಿಲ್‌ನಾಗ ಬೆಂಗಳೂರೇ 38 ದಾಟಿತ್ತು. ಕೆಳಗಿನ ಅಮ್ಮ ಸೆರಗಿಲೆ ಗಾಳಿ ಹಾಕ್ಕೋತ, ‘ಇಂಥಾ ಬಿಸಿಲು ನಾನು ನೋಡೇ ಇಲ್ಲ ಕಣಮ್ಮ, ನಿಮಗೆ ಹೇಗಿದೆ?’ ಅಂದ್ರು. ನಾ ಮಧ್ಯಾಹ್ನ ಎರಡಕ್ಕ ಛತ್ರಿ ಹಿಡಕೊಂಡು ದೇವರಾಜ ಮಾರ್ಕೆಟಿಗೆ ಹೋಗಿ ವೀಳ್ಯದೆಲಿ, ಮಲ್ಲಿಗಿ ತಗೊಂಡು ಬಂದಿದ್ದೆ. ‘ನಮ್ಮೂರಾಗ ಇದಕ್ಕ ಶಿವರಾತ್ರಿ ಬಿಸಿಲು ಅಂತಾರ್ರಿ’ ಅಂದೆ. ಅವರು ನಂಬಲಿಲ್ಲ. ಆದ್ರ ಇದು ಹಿಂಗೇ ಏರಿಕೋತ ಹೋದ್ರ ಹತ್ತು ವರ್ಷಕ್ಕ ನಾ ಎಲ್ಲಿಗೆ ಹೋಗಲಿ ಅನ್ನೂ ವಿಚಾರ ಆವತ್ತು ರಾತ್ರಿ ಬಂತು. ಹತ್ತು ವರ್ಷ ಭಾಳ ದೂರ ಅಂತ ಹೇಳ್ಕೊಂಡು ಮಲಗಿದೆ.

ಅಡಗಿಮನಿ ಮಾತು ಹೇಳಬೇಕು. ಹವಾ ಬದಲಾತಂದ್ರ ಮದಲು ಗೊತ್ತಾಗೂದು ಮೊಸರಿಗೆ. ಊರಾಗ ನಾಲ್ಕು ತಾಸಿಗೆ ಹೆಪ್ಪು ಕುಂದ್ರತಿತ್ತು, ತಡಾ ಆದ್ರ ಹುಳಿ. ಇಲ್ಲೆ ಡಿಸೆಂಬರ್‌ನಾಗ ಮುಂಜಾನೆ ಎದ್ದು ನೋಡಿದ್ರ ಹಾಲು ಹಾಲೇ. ಈಗ ಬಿಸಿ ಹಾಲು ಸ್ವಲ್ಪ ಜಾಸ್ತಿ ಇದ್ದಾಗ್ಲೇ ಹೆಪ್ಪು ಹಾಕಿ, ಟವೆಲ್ ಸುತ್ತಿ ಅಕ್ಕಿ ಡಬ್ಬ್ಯಾಗ ಇಡ್ತೀನಿ. ಇಡ್ಲಿ ಹಿಟ್ಟಿಂದೂ ಅದೇ ಹಣೇಬಾರ. ಖಡಕ್ ರೊಟ್ಟಿ ಜುಲೈದಾಗ ಮೂರೇ ದಿನಕ್ಕ ಮೆತ್ತಗಾಗಿ ಚರ್ಮದಂಗ ಆಗ್ತಾವ, ಹಂಚಿನ ಮ್ಯಾಲ ಮತ್ತ ಕಾಸಬೇಕು. ಸಂಡಗಿ ಊರಾಗ ಒಂದು ಬಿಸಿಲಿಗೆ ಕಟ್ ಅಂತಿದ್ವು, ಇಲ್ಲೆ ಮೂರು ದಿನ ಒಣಗಿಸಿದ್ರೂ ನಡುವ ಹಸಿ. ಹಪ್ಪಳ ಸಂಡಗಿ ಮಾತ್ರ ನಾ ಇಲ್ಲೆ ಮಾಡೂದು ಬಿಟ್ಟೀನಿ. ಅದು ರಾಯಚೂರ ಬಿಸಿಲಿಂದೇ ಆಗಬೇಕು, ಅದರ ಋಣ ಒಪ್ಪಬೇಕು.

ಜ್ವಾಳದ ಹಿಟ್ಟಿಂದು ದೊಡ್ಡ ಕತಿ. ಇಲ್ಲಿ ಗಿರಣಿಗೆ ಎಲ್ಲಾರೂ ರಾಗಿ ತರ್ತಾರ. ನನ್ನ ಬಿಳಿ ಜ್ವಾಳ ಹಾಕಿದ್ರ ಮದಲ ಸಲ ಬಂದದ್ದು ಬೂದಿ ಬಣ್ಣದ ಹಿಟ್ಟು. ರೊಟ್ಟಿ ಬಡದ್ರ ಮುದ್ದಿ ವಾಸನಿ. ಈಗ ಮುಂಜಾನೆ ಗಿರಣಿ ತೆಗದ ಕೂಡ್ಲೇ ಹೋಗ್ತೀನಿ, ಮದಲ ಒಂದು ಬೊಗಸಿ ಅಕ್ಕಿ ಹಾಕಿಸಿ ಕಲ್ಲು ಸ್ವಚ್ಛ ಮಾಡಿಸಿ ಆಮ್ಯಾಲ ನಂದು. ಗಿರಣಿಯಾತ ‘ಬಂದ್ರು ರೊಟ್ಟಿ ಟೀಚರ್ರು’ ಅಂತಾನ. ಉಳ್ಳಾಗಡ್ಡಿ ಅಂದ್ರ ತಿಳಿಯಂಗಿಲ್ಲ, ಈರುಳ್ಳಿ ಅನ್ನಬೇಕು. ಪುಟಾಣಿ ಕೇಳಿದ್ರ ‘ಯಾವ ಪುಟಾಣಿ ಮೇಡಂ, ಮಕ್ಕಳಾ?’ ಅಂತ ನಕ್ಕ ಅಂಗಡಿಯವ. ಹುರಿಗಡಲೆ ಅನ್ನಬೇಕಂತ. ಕನ್ನಡ ಕಲಿಸಿ ನಿವೃತ್ತಿ ಆದಾಕಿ ನಾನು, ಹೊಸದಾಗಿ ಕನ್ನಡ ಕಲೀಲಿಕತ್ತೀನಿ.

ಥಂಡಿ ಮಾತಿಗೆ ಬರ್ತೀನಿ. ಡಿಸೆಂಬರ್, ಜನವರಿದಾಗ ರಾತ್ರಿ 16ರ ಸುತ್ತಮುತ್ತ. ಕುಕ್ಕರಹಳ್ಳಿ ಕೆರಿ ಸುತ್ತ ಮುಂಜಾನೆ ತಿರುಗಾಡಲಿಕ್ಕೆ ಹೋಗ್ತೀನಿ, ಸ್ವೆಟರ್, ತಲಿಗೆ ಸ್ಕಾರ್ಫ್, ಕಾಲಿಗೆ ಸಾಕ್ಸ್. ಆ ಕೆರಿ 1864ರಾಗ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕ ಕಟ್ಟಿಸಿದ್ದು. ಮಂಜಿನ್ಯಾಗ ಹಕ್ಕಿ ನೀರಿನ ಮ್ಯಾಲ ಕುಂತದ್ದು ನೋಡೂದು ಚಂದ. ಆದ್ರ ಎಲ್ಲಾ ಲಾಭನೇ ಅಂತ ತಿಳಕೋಬ್ಯಾಡ್ರಿ. ಮಳಿಗಾಲದಾಗ ನನ್ನ ಮೊಣಕಾಲು ಹಿಡೀತಾವ, ಊರಾಗ ಹಂಗ ಆಗ್ತಿದ್ದಿಲ್ಲ. ಥಂಡಿಯೊಳಗ ಬಿಪಿ ಸ್ವಲ್ಪ ಏರ್ತದ, ಅದಕ್ಕ ಬ್ಯಾಸಗಿಗೆ ಒಂದು ಸಲ, ಥಂಡಿಗೆ ಒಂದು ಸಲ ತೋರಿಸಿಕೋತೀನಿ. ಬಾಯಾರಿಕಿ ಆಗಂಗಿಲ್ಲ ಅಂತ ನೀರು ಕುಡಿಯೂದು ಮರತು ಹೋಗ್ತದ, ತತ್ರಾಣಿ ತುಂಬಿಸಿ ಕಣ್ಣ ಮುಂದ ಇಟ್ಟೀನಿ. ಸಂಜಿಗೆ ಅದು ಖಾಲಿ ಆಗಬೇಕು.

ಒಬ್ಬಾಕಿನೇ ಹ್ಯಾಂಗ ಅಂದ್ರಲ್ಲ. ಹಗಲು ಏನೂ ಅನಸಂಗಿಲ್ಲ. ಸಂಜಿ ಏಳರಿಂದ ಒಂಬತ್ತು, ಆ ಎರಡು ತಾಸು ದೊಡ್ಡವು. ಊರಾಗ ಆ ಹೊತ್ತಿಗೆ ಕಟ್ಟಿ ಮ್ಯಾಲ ಕುಂದ್ರತಿದ್ವಿ, ಯಾರ ಮನ್ಯಾಗ ಏನು ಪಲ್ಯ ಅನ್ನೂದರಿಂದ ಹಿಡದು ಯಾರಿಗೆ ಎಲ್ಲಿ ಹೆಣ್ಣು ನೋಡ್ಯಾರ ತನಕ. ಬಿಸಿಲಿನ ಊರಿಗೆ ಅದೊಂದು ಭಾಗ್ಯ ಅದ, ಮನಿ ಒಳಗ ಕುಂದ್ರಲಿಕ್ಕೆ ಆಗಂಗಿಲ್ಲ, ಅದಕ್ಕ ಎಲ್ಲಾರೂ ಹೊರಗ ಬರ್ತಾರ. ಇಲ್ಲೆ ತಂಪು, ಎಲ್ಲಾರೂ ಬಾಗಲಾ ಮುಚ್ಚಿಕೊಂಡು ಒಳಗ. ಮದಲನೇ ಆರು ತಿಂಗಳು ಆ ಎರಡು ತಾಸು ಟಿವಿ ಸಪ್ಪಳದ ಮ್ಯಾಲ ಕಳದೆ. ಈಗ ಕೆಳಗಿನ ಅಮ್ಮನ ಹತ್ತಿರ ಹೋಗ್ತೀನಿ, ಆಕಿಗೆ ಪೇಪರ್ ಓದಿ ಹೇಳ್ತೀನಿ. ನನ್ನ ಮನಿ ಇನ್ನೊಂದು ಬೀಗದ ಕೈ ಆಕಿ ಹತ್ತಿರ ಅದ, ಆಕೀದು ನನ್ನ ಹತ್ತಿರ. ಬಾತ್‌ರೂಮಿನ ಚಿಲಕ ಒಳಗಿಂದ ಹಾಕೂದು ಬಿಟ್ಟೀನಿ. ಮುಂಜಾನೆ ಆರಕ್ಕ ಅಕ್ಕಗ ಒಂದು ಮಿಸ್ಡ್ ಕಾಲ್. ಆಕಿ ತಿರುಗಿ ಒಂದು ಮಿಸ್ಡ್ ಕಾಲ್. ಮಾತಿಲ್ಲ, ರೊಕ್ಕಾ ಇಲ್ಲ. ಎದ್ದೀನಿ ಅಂದ್ರ ಎದ್ದೀನಿ ಅಂತ.

ಅದನ್ನ ಶುರು ಮಾಡಿದಾಕಿ ಆಕಿನೇ. ನಾ ಬಂದ ಹೊಸದಾಗಿ ಮೂರು ತಿಂಗಳು ಆಕಿ ಸರಿಯಾಗಿ ಮಾತಾಡಲಿಲ್ಲ, ‘ಹೂಂ, ಅದೀವಿ’ ಅಷ್ಟೇ. 2024ರ ಫೆಬ್ರುವರಿದಾಗ ನಾ ಊರಿಗೆ ಹೋಗಿ, ಎರಡೂ ಮನಿ ಮಾಳಗಿ ಮ್ಯಾಲ ಬಿಳಿ ಸುಣ್ಣ ಬಳಿಸಿದೆ, ಎರಡು ಕೈ. ಹಿಡಕೊಂಡು ನಿಲ್ಲಲಿ ಅಂತ ಅಂಟು ಕಲಸಿದ್ರು. ಅಹಮದಾಬಾದಿನ್ಯಾಗ 2013ರಿಂದ ಬಿಸಿಲಿನ ಯೋಜನಿ ಮಾಡ್ಯಾರ, ಬಡವರ ಮನಿ ಛಾವಣಿಗೆ ಬಿಳಿ ಬಳೀತಾರ ಅಂತ ಓದಿದ್ದೆ. ಬಿಳಿ ಇದ್ರ ಬಿಸಿಲು ತಿರುಗಿ ಹೋಗ್ತದ, ಸ್ಲ್ಯಾಬ್ ಕುಡಿಯೂದು ಕಮ್ಮಿ. ಖರ್ಚೂ ಹೆಚ್ಚಿಲ್ಲ, ಮಳಿಗೆ ತೊಳದು ಹೋಗ್ತದ, ವರ್ಷಾ ಬಳಿಬೇಕು ಅಷ್ಟೇ. ಓಣ್ಯಾಗ ‘ಮಾಳಗಿಗೂ ಪೌಡರ್ ಹಚ್ಚಿದ್ರೇನು’ ಅಂತ ನಕ್ರು. ಮೇ ತಿಂಗಳ ಒಂದು ರಾತ್ರಿ ಅಕ್ಕಂದು ಫೋನ್. ‘ಗ್ವಾಡಿ ಕೈಗೆ ಹತ್ತೂವಂಗ ಅದ’ ಅಂದ್ಲು. ಅಂದ್ರ ಸುಡಂಗಿಲ್ಲ ಅಂತ. ಮಾಳಗಿ ಮ್ಯಾಲ ನೀರು ಹೊಡಿಯಲಿಕ್ಕೆ ಕೆಳಗಿಂದೇ ನಲ್ಲಿ ಪೈಪ್ ಏರಿಸಿ ಕೊಟ್ಟೀನಿ, ಆಕಿ ರಾತ್ರಿ ಮೆಟ್ಟಲ ಹತ್ತೂ ಕೆಲಸ ಇಲ್ಲ. ನನ್ನ ಎರಡು ಖೋಲ್ಯಾಗ ನರ್ಸಿಂಗ್ ಓದೂ ಹುಡಿಗ್ಯಾರು ಇಬ್ಬರು ಬಾಡಗಿ ಅದಾರ. ಬಾಡಗಿ ಅರ್ಧ ಹಿಡೀತೀನಿ, ರಾತ್ರಿ ಆಕಡೆ ಏನಾದ್ರೂ ಸಪ್ಪಳ ಆದ್ರ ಎದ್ದು ನೋಡಬೇಕು ಅಂತ ಕರಾರು.

ಈ ವರ್ಷ ಮೇದಾಗ ಭಾವನವರ ಒಂದು ಕಣ್ಣಿನ ಆಪರೇಷನ್ ಆಗಿ, ಅವರ ಮಗಳು ಬಂದು ಕುಂತ ಮ್ಯಾಲ, ಅಕ್ಕ ಬಸವ ಎಕ್ಸ್‌ಪ್ರೆಸ್ ಹತ್ತಿ ಬಂದ್ಲು. ರಾಯಚೂರಾಗ ಹತ್ತಿದ್ರ ಮೈಸೂರಿನ್ಯಾಗ ಇಳಿಯೂದು, ನಡುವ ಬದಲಿಸೂ ಕೆಲಸ ಇಲ್ಲ. ಹದಿನೈದು ದಿನ ಇರ್ತೀನಿ ಅಂದಾಕಿ ಒಂಬತ್ತನೇ ದಿನಕ್ಕ ಹೊರಟು ನಿಂತ್ಲು. ‘ನಿಮ್ಮೂರ ಬಿಸಿಲು ಸಪ್ಪಗದ. ಬಟ್ಟಿ ವಾಸನಿ ಹೊಡೀತಾವ. ಖಾರದ ಮೆಣಸಿನಕಾಯಿ ಅಲ್ಲೆ ಒಣಗಲಿಕ್ಕೆ ಹಾಕಿ ಬಂದೀನಿ’ ಅಂದ್ಲು. ನಿಮ್ಮೂರು ಅಂದದ್ದು ಕಿವಿಗೆ ಬಿತ್ತು. ಆದ್ರ ಆ ಒಂಬತ್ತು ರಾತ್ರಿ ಆಕಿ ಮಲಗಿದ್ದು ನಾ ನೋಡೀನಿ. ಮೇ ತಿಂಗಳದಾಗ ಚಾದರ ಗಲ್ಲದ ತನಕ ಎಳಕೊಂಡು, ಬಾಯಿ ತೆರಕೊಂಡು, ಸಣ್ಣ ಹುಡುಗಿ ಹಂಗ. ಮೂವತ್ತೈದು ವರ್ಷದಾಗ ಆಕಿ ಹಂಗ ಮಲಗಿದ್ದು ನಾ ಕಂಡಿದ್ದಿಲ್ಲ. ಒಂದು ಮುಂಜಾನೆ ನಾ ಎದ್ದಾಗ ಆಕಿ ಎಚ್ಚರಿದ್ದೂ ಕಣ್ಣು ಮುಚ್ಚಿ ಹಂಗೇ ಇದ್ಲು. ನಾ ಸಪ್ಪಳ ಮಾಡದ ಚಹಾ ಇಟ್ಟೆ.

ಹೋಗೂ ದಿನ ಸ್ಟೇಷನ್ನಾಗ, ‘ದೀಪಾ ದಿನಾ ಹಚ್ಚಲಿಕತ್ತೀನಿ, ನಿನ್ನ ಮನ್ಯಾಗಿಂದು’ ಅಂದ್ಲು. ನನಗ ಗೊತ್ತಿತ್ತು, ಹುಡಿಗ್ಯಾರು ಹೇಳಿದ್ರು. ‘ಎಣ್ಣಿ ರೊಕ್ಕಾ ಕಳಸ್ತೀನಿ’ ಅಂದೆ. ‘ನಿನ್ನ ರೊಕ್ಕಾ ಯಾರಿಗೆ ಬೇಕು’ ಅಂದು ಗಾಡಿ ಹತ್ತಿದ್ಲು.

ಬರೋರು ಬರ್ರಿ. ರೈಲು ಬ್ಯಾಡ ಅಂದ್ರ ಬಸ್ಸದ; 2023ರ ಜೂನ್ 11ರಿಂದ ಸರ್ಕಾರಿ ಸಾದಾ ಬಸ್ಸಿನ್ಯಾಗ ನಮಗ ಟಿಕೇಟಿಲ್ಲ, ಆಧಾರ್ ಕಾರ್ಡ್ ಇರಲಿ. ಸ್ಲೀಪರ್, ಎಸಿ ಬಸ್ಸಿಗೆ ಅದು ನಡಿಯಂಗಿಲ್ಲ. ಮುಂಜಾನೆ ಇಲ್ಲಿ ಥಂಡಿ ಇರ್ತದ, ಬ್ಯಾಸಗಿ ಅಂತ ತೆಳ್ಳನ್ನ ಸೀರಿ ಅಷ್ಟೇ ಇಟ್ಕೊಂಡು ಬರಬ್ಯಾಡ್ರಿ. ಎರಡು ಹಾಸಗಿ ಹೆಚ್ಚಿಗಿ ಅವ. ಬರೂವಾಗ ನಾಲ್ಕು ಸೇರು ಬಿಳಿ ಜ್ವಾಳ ತರ್ರಿ, ಅಕ್ಕನ ಮನಿಗೆ ಹೋಗಿ ಸಂಡಗಿ ಡಬ್ಬಿನೂ ಇಸಗೊಂಡು ಬರ್ರಿ. ಕೊಡ್ತಾಳ. ಬೈಕೋತ ಕೊಡ್ತಾಳ.